ಮೂಲೆ ಪ್ಲಾಟಿನ ಪೈಪು

ಮನುಷ್ಯರಿಲ್ಲದ ಜಾಗದಲ್ಲಿ ಬೀದಿದೀಪ ಉರಿಯುವುದನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು ಬರುತ್ತದೆ. ಸಿಂಧನೂರಿನಿಂದ ಮಸ್ಕಿ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ಇಂಥ ಜಾಗಗಳು ಸಿಗುತ್ತವೆ. ಮೊನ್ನೆಮೊನ್ನೆಯವರೆಗೆ ಭತ್ತ ಬೆಳೆಯುತ್ತಿದ್ದ ಎರೆಭೂಮಿಗೆ ಕೆಂಪು ಗರಸು ಸುರಿದು ಎತ್ತರ ಮಾಡಿ, ಮುಂದೊಂದು ಕಮಾನು ಕಟ್ಟಿ, ಒಳಗೆ ಡಾಂಬರು ಹಾಕಿರುತ್ತಾರೆ. ರಸ್ತೆಗಳಿಗೆ ನಂಬರು ಇರುತ್ತದೆ, ಅವುಗಳ ಮೇಲೆ ನಡೆಯುವವರು ಇರುವುದಿಲ್ಲ. ಆರಿಸುವವರಿಲ್ಲದೆ ದೀಪಗಳು ಹಗಲೆಲ್ಲ ಉರಿಯುತ್ತಿರುತ್ತವೆ. ಬಿಸಿಲಿನಲ್ಲಿ ಉರಿಯುವ ದೀಪ ಕತ್ತಲೆಗಿಂತ ಹೆಚ್ಚು ಹೆದರಿಸುತ್ತದೆ ಎಂದು ನನಗೆ ಗೊತ್ತಾದದ್ದು ಅಂಥದೊಂದು ಲೇಔಟಿನಲ್ಲಿ.

ನನ್ನ ಕೆಲಸ ಮನೆಯ ನಕ್ಷೆ ಬರೆದು, ಪಾಯದಿಂದ ಸ್ಲ್ಯಾಬಿನವರೆಗೆ ನಿಂತು ಕಟ್ಟಿಸುವುದು. ಸಿಂಧನೂರಿನಲ್ಲಿ ಒಂದು ಗೊಬ್ಬರದ ಅಂಗಡಿಯ ಮೇಲಿನ ಕೋಣೆ ನನ್ನ ಆಫೀಸು. ಕಾಗದ, ಕುರ್ಚಿ, ನನ್ನ ಸೀರೆ, ಎಲ್ಲಕ್ಕೂ ಯೂರಿಯಾ ವಾಸನೆ. ಹೆಂಗಸು ಎಂಜಿನಿಯರು ಎಂದು ಮೊದಮೊದಲು ಅಡುಗೆಮನೆಯ ಬಗ್ಗೆ ಮಾತ್ರ ಸಲಹೆ ಕೇಳುತ್ತಿದ್ದವರು, ನಾನು ಒಂದಿಬ್ಬರು ಕಾಂಟ್ರಾಕ್ಟರರ ಬೆವರಿಳಿಸಿದ ಮೇಲೆ ಪಾಯದ ಬಗ್ಗೆಯೂ ಕೇಳತೊಡಗಿದರು. ನಾನು ಹೇಳುತ್ತಿರುವ ಲೇಔಟಿನ ಮಾಲೀಕರು ತಮ್ಮಲ್ಲಿ ಪ್ಲಾಟು ಕೊಂಡವರನ್ನೆಲ್ಲ ನನ್ನ ಹತ್ತಿರವೇ ಕಳಿಸುತ್ತಿದ್ದರು. ನನ್ನ ಮನೆಯ ಒಲೆ ಉರಿಯುತ್ತಿದ್ದುದು ಹೆಚ್ಚಾಗಿ ಅವರಿಂದಲೇ. ಮುಂದಿನದನ್ನು ಓದುವಾಗ ಈ ಮಾತು ನೆನಪಿರಲಿ.

ಅಲ್ಲಿಯ ಪ್ಲಾಟುಗಳನ್ನು ಮಾರಿಸುತ್ತಿದ್ದ ಏಜೆಂಟರು ಮಸ್ಕಿಯವರು. ವಯಸ್ಸು ಐವತ್ತು ದಾಟಿತ್ತು. ಎಂಥ ಧೂಳಿನಲ್ಲೂ ನೀಲಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಬರುತ್ತಿದ್ದರು. ಮಾತಿನಲ್ಲಿ ಮಲ್ಲರು, ಆದರೆ ದೆವ್ವ ಭೂತ ಎಂದರೆ ಸಣ್ಣ ಮಗುವಿಗಿಂತ ಕಡೆ. ದಾರಿಯಲ್ಲಿ ಕೊಯ್ದ ನಿಂಬೆಹಣ್ಣು ಕಂಡರೆ ಗಾಡಿ ತಿರುಗಿಸಿ ಬೇರೆ ಓಣಿಯಿಂದ ಬರುವ ಮನುಷ್ಯ. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ, ಅವರು ನನ್ನನ್ನು ತಂಗೆವ್ವ ಎನ್ನುತ್ತಿದ್ದರು. ಅವರ ಹೆದರಿಕೆಯನ್ನು ಆಡಿಕೊಂಡು ನಗುವುದು ನನಗೊಂದು ಚಟವಾಗಿತ್ತು.

ಬೇಸಿಗೆ ಮುಗಿದು ಮೊದಲ ಮಳೆ ಬಿದ್ದಿದ್ದ ಕಾಲದಲ್ಲಿ ಅವರು ಒಬ್ಬ ನರ್ಸಮ್ಮನನ್ನು ಕರೆದುಕೊಂಡು ಬಂದರು. ಲಿಂಗಸುಗೂರು ಕಡೆಯ ಹಳ್ಳಿಯವರು, ಈಗ ಸಿಂಧನೂರಿನಲ್ಲಿ ನೌಕರಿ. ಗಂಡ ಲಿಂಗಸುಗೂರಿನಿಂದ ಗುರುಗುಂಟಾ ಕಡೆಗೆ ಬಸ್ಸು ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಸೆರಗು ಹಿಡಿದು ನಿಂತಿದ್ದ ಸಣ್ಣ ಮಗಳೊಬ್ಬಳು ನನ್ನ ಮೇಜಿನ ಸ್ಕೇಲನ್ನು ಎತ್ತಿಕೊಂಡು ನನ್ನನ್ನೇ ಅಳೆಯತೊಡಗಿದಳು. ನರ್ಸಮ್ಮ ಬಂದವರೇ ಹೇಳಿದರು: "ಮೂಲಿ ಪ್ಲಾಟ್ ತಗೊಂಡೀನ್ರಿ ಮೇಡಂ. ವಾಸ್ತು ಗೀಸ್ತು ನನಗ ಬ್ಯಾಡ. ನಾವು ಬುದ್ಧನ್ನ ನಂಬೋ ಮಂದಿ. ಗಾಳಿ ಬೆಳಕು ಚಲೋ ಇರಬೇಕು, ಅಷ್ಟ."

"ಮೂಲೆ ಪ್ಲಾಟು ಇಷ್ಟು ದಿನ ಹೆಂಗ ಉಳಿದಿತ್ರಿ?" ಎಂದು ನಾನು ಏಜೆಂಟರನ್ನು ಕೇಳಿದೆ. ಯಾವ ಲೇಔಟಿನಲ್ಲೂ ಮೊದಲು ಹೋಗುವುದು ಮೂಲೆಯ ಪ್ಲಾಟೇ. ಏಜೆಂಟರು ಕಿಟಕಿಯ ಕಡೆ ನೋಡಿದರು. ನರ್ಸಮ್ಮನೇ ನಗುತ್ತ ಹೇಳಿದರು: "ಅಲ್ಲಿ ಯಾರೋ ನರಳ್ತಾರಂತ ಮಂದಿ ಅಂಜಾಕತ್ಯಾರಂತ್ರಿ. ನಾ ದಿನಾ ನರಳೋರ ನಡುವ ಇರಾಕಿ. ನನಗೇನ್ ಮಾಡ್ತೈತಿ ಅದು?"

ಆ ಮಾತಿಗೆ ನಾನೂ ನಕ್ಕೆ. ಆಕೆ ನನಗೆ ಅಲ್ಲೇ ಹಿಡಿಸಿಬಿಟ್ಟರು.

ಮರುದಿನ ಮಧ್ಯಾಹ್ನ ಜಾಗ ನೋಡಲು ಏಜೆಂಟರ ಜೊತೆ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು, ದೀಪಗಳು ಉರಿಯುತ್ತಿದ್ದವು. ಕುರಿಯವನೊಬ್ಬ ಮಂದೆಯನ್ನು ಒಳಗೆ ಬಿಟ್ಟುಕೊಂಡಿದ್ದ. ಕುರಿಗಳು ಎಲ್ಲ ಪ್ಲಾಟಿನ ಹುಲ್ಲನ್ನೂ ಬೋಳಿಸಿದ್ದವು, ಮೂಲೆ ಪ್ಲಾಟಿನ ನಡುವೆ ಮಾತ್ರ ಹುಲ್ಲು ಹಸಿರಾಗಿ, ದುಂಡಗೆ, ಮೊಣಕಾಲೆತ್ತರ ನಿಂತಿತ್ತು. ಸುತ್ತ ನೆಟ್ಟಿದ್ದ ಹಳದಿ ಬಣ್ಣದ ಗಡಿಕಲ್ಲುಗಳು ಒಳಗಡೆಗೆ ವಾಲಿದ್ದವು. ಎರೆಮಣ್ಣಿನಲ್ಲಿ ಕಲ್ಲು ವಾಲುವುದು ಹೊಸದಲ್ಲ. ಆದರೆ ಒಂದು ಅತ್ತ, ಒಂದು ಇತ್ತ ವಾಲುತ್ತದೆ. ಇಲ್ಲಿ ನಾಲ್ಕೂ ಕಲ್ಲುಗಳು ಒಂದೇ ಕಡೆ, ಆ ಹಸಿರಿನ ಕಡೆ, ಬಾಗಿ ನಿಂತಿದ್ದವು. ಹುಲ್ಲಿನ ನಡುವೆ ಸೊಂಟದೆತ್ತರದ ಒಂದು ಕಬ್ಬಿಣದ ಪೈಪು ಇತ್ತು.

"ಇದೇನ್ರಿ ಅಣ್ಣಾರ?"

"ಅರ್ತಿಂಗ್ ಪೈಪ್ ತಂಗೆವ್ವ. ಕರೆಂಟಿನವ್ರು ಹಾಕ್ಯಾರ." ಅವರು ಡಾಂಬರು ರಸ್ತೆಯ ಮೇಲೆಯೇ ನಿಂತು ಹೇಳಿದರು. ಪ್ಲಾಟಿನೊಳಗೆ ಕಾಲಿಡಲಿಲ್ಲ.

ಹತ್ತಿರ ಹೋಗಿ ನೋಡಿದೆ. ಅರ್ತಿಂಗ್ ಪೈಪಿಗೆ ಇರಬೇಕಾದ ಪಟ್ಟಿಯಿಲ್ಲ, ತಂತಿಯಿಲ್ಲ. ಬಾಯಿ ತೆರೆದೇ ಇತ್ತು. ಬಗ್ಗಿ ನೋಡುತ್ತಿದ್ದಂತೆ ಒಳಗಿನಿಂದ ತಣ್ಣನೆಯ ಗಾಳಿ ನಿಧಾನವಾಗಿ ಬಂದು ನನ್ನ ಕೆನ್ನೆಗೆ ತಾಗಿತು. ಅದರಲ್ಲಿ ನಾಟಿಗೆ ಮುಂಚೆ ಕಲಸಿದ ಗದ್ದೆಯ ಕೆಸರಿನ ವಾಸನೆ ಇತ್ತು. ಗಾಳಿ ಬಂತು, ನಿಂತಿತು, ಮತ್ತೆ ಬಂತು. ಅದರ ಜೊತೆ ಒಂದು ಸಣ್ಣ ಸದ್ದು. ಜ್ವರ ಬಂದು ಮಲಗಿದವರು ಮಗ್ಗುಲು ಬದಲಿಸುವಾಗ ಮಾಡುವಂಥ ಸದ್ದು. ಏಜೆಂಟರನ್ನು ಆಡಿಕೊಳ್ಳುತ್ತಿದ್ದ ನಾನು ಹಿಂದೆ ಸರಿದು, ಸೆರಗಿನಿಂದ ಕೆನ್ನೆ ಒರೆಸಿಕೊಂಡೆ.

ಆ ವಾಸನೆ ನನ್ನನ್ನು ನನ್ನ ತಾಯಿಯ ತವರು ವಳಕಮದಿನ್ನಿಗೆ ಕರೆದುಕೊಂಡು ಹೋಯಿತು. ಆ ಕಡೆ ಕಾಲುವೆ ಬಂದ ಮೇಲೆ ಹಳೆಯ ಬಾವಿಗಳನ್ನು ಕೇಳುವವರಿಲ್ಲದಾಯಿತು. ಒಬ್ಬೊಬ್ಬರಾಗಿ ಮುಚ್ಚಿಸಿ ಅವುಗಳ ಮೇಲೂ ಭತ್ತ ಹಚ್ಚಿದರು. ನನ್ನ ಸೋದರಮಾವ ತನ್ನ ಹೊಲದ ಬಾವಿ ಮುಚ್ಚಿಸುವಾಗ ನಾನು ಅಲ್ಲೇ ಇದ್ದೆ. ಮಣ್ಣು ಹಾಕುವ ಮುಂಚೆ ನಡುವೆ ಒಂದು ಉದ್ದ ಪೈಪು ನಿಲ್ಲಿಸಿದರು. ಯಾಕೆ ಎಂದು ಕೇಳಿದ್ದಕ್ಕೆ ಅವ್ವ ಹೇಳಿದ್ದಳು: "ಗಂಗವ್ವ ಉಸಿರು ಬಿಡಬೇಕಲ್ಲವ್ವಾ. ಬಾವಿ ಉಸಿರು ಕಟ್ಟಿದವರ ಮನ್ಯಾಗ ಮನುಷ್ಯಾರ ಉಸಿರು ಕಟ್ತೈತಿ." ನಮ್ಮ ಕಡೆ ಎಂಥ ಧೈರ್ಯವಂತನೂ ಬಾವಿಗೆ ಉಸಿರು ಬಿಡದೆ ಮಣ್ಣು ಹಾಕುವುದಿಲ್ಲ.

ನನ್ನ ಚೀಲದಲ್ಲಿ ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಬಿಡುವ ತೂಕದ ಗುಂಡು ಸದಾ ಇರುತ್ತದೆ. ಅದರ ದಾರ ಬಿಚ್ಚಿ ಪೈಪಿನೊಳಗೆ ಇಳಿಬಿಟ್ಟೆ. ಅದು ಇಳಿಯುತ್ತಲೇ ಹೋಯಿತು. ದಾರ ಮುಗಿದು ನನ್ನ ಬೆರಳಿಗೆ ಸುತ್ತಿದ್ದಷ್ಟು ಮಾತ್ರ ಉಳಿಯಿತು. ಗುಂಡು ಏನನ್ನೂ ಮುಟ್ಟಲಿಲ್ಲ, ಒಳಗೆಲ್ಲೋ ತೂಗಾಡುತ್ತಿತ್ತು. ಆಮೇಲೆ ತೂಗಾಡುವುದು ತಟ್ಟನೆ ನಿಂತಿತು. ಕೈಗೆ ಭಾರ ಕಡಿಮೆಯಾಯಿತು. ಮೇಲೆಳೆದರೆ ಬರಿಯ ದಾರ ಬಂತು. ತುದಿ ಒದ್ದೆಯಾಗಿತ್ತು. ಹರಿದಿರಲಿಲ್ಲ, ಗಂಟು ಬಿಚ್ಚಿಕೊಂಡಿತ್ತು. ಆ ಗಂಟನ್ನು ನಾನು ವರ್ಷಗಟ್ಟಲೆ ಹಾಕುತ್ತ ಬಂದಿದ್ದೇನೆ, ಅದು ಬಿಚ್ಚಿಕೊಂಡದ್ದು ಅದೊಂದೇ ಸಲ. ಇವತ್ತಿಗೂ ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಉಳಿದದ್ದಕ್ಕೆಲ್ಲ ಉತ್ತರವಿತ್ತು. ಕೆಳಗೆ ಬಾವಿ ಇತ್ತು. ಒಡಕು ಇಟ್ಟಿಗೆ, ಹಳೆಗೋಡೆಯ ಕಲ್ಲು ತುಂಬಿ ಮುಚ್ಚಿದ್ದಾರೆ, ನಡುನಡುವೆ ಪೊಳ್ಳು ಉಳಿದಿದೆ. ಮಳೆ ಬಿದ್ದಾಗ, ಕಾಲುವೆಗೆ ನೀರು ಬಿಟ್ಟಾಗ ಸುತ್ತಲ ಗದ್ದೆಗಳು ತುಂಬುತ್ತವೆ, ನೆಲದೊಳಗಿನ ನೀರು ಏರುತ್ತದೆ, ಪೊಳ್ಳಿನ ಗಾಳಿ ಪೈಪಿನಿಂದ ಹೊರಬರುತ್ತದೆ. ಅದೇ ನರಳಾಟ. ಆ ಮಣ್ಣು ವರ್ಷವರ್ಷ ಕುಸಿಯುತ್ತಿದೆ, ಅದಕ್ಕೇ ಕಲ್ಲುಗಳು ಒಳಗೆ ವಾಲಿವೆ. ಇದರ ಮೇಲೆ ಮನೆ ನಿಂತರೆ ಒಂದು ದಿನ ಅದೂ ವಾಲುತ್ತದೆ, ಒಳಗೆ ಮಲಗಿದವರ ಸಮೇತ. ಆದರೆ ಲೇಔಟಿನ ನಕ್ಷೆಯಲ್ಲಿ ಬಾವಿಯ ಗುರುತೇ ಇರಲಿಲ್ಲ.

"ಅಣ್ಣಾರ, ಇಲ್ಲಿ ಬಾವಿ ಇತ್ತೇನ್ರಿ?"

ಅವರು ಗಾಡಿಯ ಕಡೆ ತಿರುಗಿದರು. ಬಿಳಿ ಅಂಗಿಯ ಕಾಲರು ಬೆವರಿನಿಂದ ಒದ್ದೆಯಾಗಿತ್ತು. "ಹೊತ್ತಾತು, ನಡಿ ತಂಗೆವ್ವ" ಎಂದು ಗಾಡಿಗೆ ಕಿಕ್ ಹೊಡೆದರು.

ನಾನು ಮಾಲೀಕರಿಗೆ ಫೋನು ಮಾಡಿದೆ. ಅವರು ಜೋರಾಗಿ ನಕ್ಕರು. "ನೀವೂ ಶುರು ಹಚ್ಚಿದ್ರೇನ್ರಿ ದೆವ್ವದ ಮಾತು? ಓದಿದೋರು ನೀವು. ಆ ಸಿಸ್ಟರೇ ಅಂಜಾಕತ್ತಿಲ್ಲ" ಎಂದರು. ಅವರಿಗೆ ದೆವ್ವ ಎಷ್ಟು ಅನುಕೂಲ ಎಂದು ನನಗೆ ಆಗ ಹೊಳೆಯಿತು. ಪೈಪಿನ ಸದ್ದು ಕೇಳಿದವರೆಲ್ಲ ದೆವ್ವ ಎಂದು ಓಡಿಹೋಗುತ್ತಿದ್ದರು. ದೆವ್ವ ಇದ್ದಷ್ಟು ದಿನ ಬಾವಿಯ ಬಗ್ಗೆ ಯಾರೂ ಕೇಳುವುದಿಲ್ಲ. ದೆವ್ವವನ್ನು ನಂಬದ ಒಬ್ಬಳು ಬಂದಾಗ ಆ ಜಾಗ ಅವಳ ತಲೆಗೆ ಕಟ್ಟಿದ್ದರು.

ಸಂಜೆ ನರ್ಸಮ್ಮನ ಬಾಡಿಗೆ ಮನೆಗೆ ಹೋಗಿ ಎಲ್ಲ ಹೇಳಿದೆ. ಆಕೆಯ ಮುಖದ ನಗು ಮೆಲ್ಲಗೆ ಹೋಯಿತು. ನನಗೆ ಕೊಟ್ಟ ಚಹಾದ ಕಪ್ಪನ್ನು ನೋಡುತ್ತ ಮಾತಾಡಿದರು.

"ಮೇಡಂ, ನಮ್ಮ ಆಯಿಗೆ, ನಮ್ಮವ್ವನ ಅವ್ವಗ, ಬಾವಿ ಹತ್ರ ಹೋಗಾಕ ಬಿಡ್ತಿರಲಿಲ್ಲ. ದೂರ ಕೊಡ ಇಟಗೊಂಡು, ಯಾರರ ನೀರು ಸುರೀತಾರನ ಅಂತ ಕಾಯ್ತಿದ್ಳಂತ. ಈಗ ನಾ ನೌಕರಿ ಮಾಡಿ, ನನ್ನ ಹೆಸರಿಲೆ ಒಂದು ಮೂಲಿ ಜಾಗ ತಗೊಂಡೀನಿ. ಇಲ್ಲೂ ಬಾವಿ ಐತಿ, ದೂರ ಸರಿ ಅಂತೀರಿ. ಯಾರ್ ಹೇಳಿ ಕಳಿಸ್ಯಾರ್ರಿ ನಿಮ್ಮನ್ನ?"

ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಆಕೆಯ ಮೇಲಲ್ಲ. ಇಂಥ ಮಾತುಗಳನ್ನು ಸಭ್ಯವಾಗಿ ಹೇಳಿ ಆಕೆಯಂಥವರನ್ನು ಎಷ್ಟು ಬಾಗಿಲುಗಳಿಂದ ಹಿಂದೆ ಕಳಿಸಿದ್ದಾರೋ, ನಾನು ಆಡಿದ ನಿಜವೂ ಅದೇ ಸಾಲಿನಲ್ಲಿ ಹೋಗಿ ನಿಂತಿತ್ತು. "ಯಾರೂ ಕಳಿಸಿಲ್ರಿ" ಎಂದಷ್ಟೇ ಹೇಳಿದೆ. ಆಕೆ ನಂಬಲಿಲ್ಲ. ಗುದ್ದಲಿ ಪೂಜೆಯ ದಿನ ನಿಶ್ಚಯವಾಗಿದೆ, ಮನಸ್ಸಿದ್ದರೆ ಬನ್ನಿ, ಇಲ್ಲದಿದ್ದರೆ ಬೇರೆ ಎಂಜಿನಿಯರನ್ನು ನೋಡಿಕೊಳ್ಳುತ್ತೇನೆ ಎಂದರು.

ನಾನು ಹೋಗದಿದ್ದರೆ ಬೇರೆ ಯಾರೋ ಬರುತ್ತಾರೆ, ಪಾಯ ತೋಡುತ್ತಾರೆ. ಆ ರಾತ್ರಿಯೆಲ್ಲ ಸ್ಕೇಲು ಹಿಡಿದು ನನ್ನನ್ನು ಅಳೆದ ಹುಡುಗಿಯೇ ಕಣ್ಣಮುಂದೆ ಬಂದಳು. ಹೋಗುವುದೆಂದು ನಿಶ್ಚಯಿಸಿದೆ.

ಗುದ್ದಲಿ ಪೂಜೆಯ ಬೆಳಿಗ್ಗೆ ಬಿಸಿಲೇರುವ ಮುಂಚೆಯೇ ಎಲ್ಲರೂ ಸೇರಿದ್ದರು. ನರ್ಸಮ್ಮ ಒಂದು ಸಣ್ಣ ಬುದ್ಧನ ಪಟ ತಂದು ಇಟ್ಟಿಗೆಯ ಮೇಲೆ ನಿಲ್ಲಿಸಿ ಊದುಬತ್ತಿ ಹಚ್ಚಿದ್ದರು. ಮಾಲೀಕರು ಕಾರಿನಲ್ಲಿ ಬಂದಿದ್ದರು, ಕೈಯಲ್ಲಿ ತೆಂಗಿನಕಾಯಿ. ಗೌಂಡಿ ಒಂದು ಪುಟ್ಟಿಯಲ್ಲಿ ಸ್ವಲ್ಪ ಸಿಮೆಂಟು ಕಲಸಿಕೊಂಡು ನಿಂತಿದ್ದ. ಏಜೆಂಟರು ಎಂದಿನಂತೆ ರಸ್ತೆಯ ಮೇಲೆ. ಗಾಳಿ ಇರಲಿಲ್ಲ. ಆದರೂ ಊದುಬತ್ತಿಯ ಹೊಗೆ ನೇರ ಏರದೆ ಪೈಪಿನಿಂದ ದೂರಕ್ಕೆ ಓಡುತ್ತಿತ್ತು, ಯಾರೋ ಊದಿ ಅಟ್ಟಿದ ಹಾಗೆ. ಸ್ವಲ್ಪ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಹಿಂದಿನ ವಾರವೇ ಕಾಲುವೆಗೆ ನೀರು ಬಿಟ್ಟಿದ್ದರು. ಎಲ್ಲರೂ ಆ ಹೊಗೆಯನ್ನು ನೋಡಿದರು.

ಮಾಲೀಕರ ಎದುರು ಹೋಗಿ ನಿಂತೆ. ಹೇಗೋ ಮಾತು ತೆಗೆದೆ. "ಧಣೇರ, ಈ ಪೈಪ್ ಪಾಯಕ್ಕ ಅಡ್ಡ ಬರ್ತೈತ್ರಿ. ಅರ್ತಿಂಗ್ ಪೈಪ್ ಅಂತ ಅಣ್ಣಾರು ಅಂದ್ರು. ಕರೆಂಟಿನ ಕೆಲಸಾ ಮುಗದೈತಿ, ಇನ್ನ ಇದು ಬೇಕಾಗಿಲ್ಲ. ಗೌಂಡಿ ಹತ್ರ ಸಿಮೆಂಟ್ ಐತಿ. ನಿಮ್ಮ ಕೈಯಾಗ ಇದರ ಬಾಯಿ ಮುಚ್ಚಿಬಿಡ್ರಿ. ಮುಚ್ಚಿದ್ರಂದ್ರ ನಾ ಇಲ್ಲೇ ನಿಂತು ಮನಿ ಕಟ್ಟಿಸ್ತೀನಿ, ಮತ್ತೊಂದ್ ಮಾತಾಡಂಗಿಲ್ಲ."

"ನನ್ನ ಕೈಯಾಗ ಯಾಕವ್ವಾ? ಗೌಂಡಿ ಮುಚ್ತಾನ."

ಗೌಂಡಿ ಪುಟ್ಟಿಯನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಹೋದ. ಅವನಿಗೂ ಹೆಂಡತಿ ಮಕ್ಕಳಿದ್ದರು. ಮಾಲೀಕರ ಮುಖದ ನಗು ಹಾಗೇ ಇತ್ತು, ಹಣೆಯ ಮೇಲೆ ಮಾತ್ರ ಬೆವರು ಮೂಡಿತ್ತು. ಇಡೀ ಬಾವಿಯನ್ನು ಕಾಗದದಿಂದ ಅಳಿಸಿದ ಮನುಷ್ಯನಿಗೆ ಒಂದು ಮುಷ್ಟಿ ಸಿಮೆಂಟು ಎತ್ತಿಕೊಳ್ಳಲು ಕೈ ಬರಲಿಲ್ಲ. ಕೊನೆಗೆ ಅವರು ರಸ್ತೆಯ ಕಡೆ ತಿರುಗಿ ಕೂಗಿದರು: "ಏ, ನೀ ಬಾ ಇಲ್ಲಿ. ನೀ ಮುಚ್ಚು."

ಏಜೆಂಟರು ಮೊದಲ ಸಲ ಆ ಪ್ಲಾಟಿನೊಳಗೆ ಕಾಲಿಟ್ಟರು. ಬಗ್ಗಿ ಎರಡೂ ಕೈಯಲ್ಲಿ ಸಿಮೆಂಟು ತೆಗೆದುಕೊಂಡರು. ಬಿಳಿ ಅಂಗಿಯ ತೋಳಿನ ಮೇಲೆ ಅದು ಇಳಿಯಿತು. ಮುಗಿಯಿತು, ಮುಚ್ಚೇಬಿಡುತ್ತಾರೆ ಎಂದುಕೊಂಡೆ. ಅವರ ಮನೆ ನಡೆಯುತ್ತಿದ್ದುದೂ ಮಾಲೀಕರ ಕೈಯಿಂದಲೇ. ಅವರು ಪೈಪಿನ ಮೇಲೆ ಬಾಗಿ ನಿಂತರು. ಒಳಗಿನಿಂದ ಬಂದ ಗಾಳಿಗೆ ಅವರ ಕ್ರಾಪು ಹಾರಿತು.

ಆಗಲೇ ನಾನು ಆ ಹುಡುಗಿಯನ್ನು ನೋಡಿದ್ದು. ದೊಡ್ಡವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅವಳು ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಪೈಪಿಗೆ ಕಿವಿ ಹಚ್ಚಿದ್ದಳು. "ಅವ್ವಾ, ಒಳಗ ಯಾರೋ ಉಸಿರಾಡಾಕತ್ಯಾರ" ಎಂದಳು. ದನಿಯಲ್ಲಿ ಹೆದರಿಕೆಯೇ ಇರಲಿಲ್ಲ.

ಏಜೆಂಟರು ಸಿಮೆಂಟನ್ನು ನೆಲಕ್ಕೆ ಬಿಟ್ಟರು.

"ಸಿಸ್ಟರ, ಇಲ್ಲಿ ಬಾವಿ ಐತ್ರಿ. ನಾನ ನಿಂತು ಮುಚ್ಚಿಸೀನಿ. ಈ ಪೈಪ್ ನಿಲ್ಲಿಸಿದವ್ನೂ ನಾನ, ಧಣೇರು ಉಸಿರು ಬಿಡು ಅಂದ್ರು, ಬಿಟ್ಟೆ. ನಕ್ಷೇದಾಗ ತೋರಿಸೋದು ಬ್ಯಾಡ ಅಂದ್ರು, ಸುಮ್ಮನಾದೆ. ನಿಮ್ಮ ಕೂಸಿನ್ನ ಎತ್ತಿಗೋರಿ ಮೊದಲು."

ನರ್ಸಮ್ಮ ಮಗಳನ್ನು ಬಾಚಿ ಎತ್ತಿಕೊಂಡರು. ಮಾಲೀಕರನ್ನು ತುಂಬ ಹೊತ್ತು ನೋಡಿದರು. ಆಮೇಲೆ ಬುದ್ಧನ ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಕಮಾನಿನ ಕಡೆಗೆ ನಡೆದರು. ಸ್ವಲ್ಪ ದೂರ ಹೋಗಿ ತಿರುಗಿ ನಿಂತು ನನ್ನನ್ನು ಕರೆದರು: "ಬರ್ರಿ ಮೇಡಂ."

ಅಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ಬರೆಯಲು ಆಸೆಯಿದೆ. ಆದದ್ದು ಹಾಗಲ್ಲ. ಮಾತು ಹರಡದಿರಲಿ ಎಂದು ಮಾಲೀಕರು ನರ್ಸಮ್ಮನಿಗೆ ಹಿಂದಿನ ರಸ್ತೆಯಲ್ಲಿ ಬೇರೆ ಪ್ಲಾಟು ಬರೆದುಕೊಟ್ಟರು. ಗಟ್ಟಿ ನೆಲ. ನಾನೇ ಗುಂಡಿ ತೋಡಿಸಿ ನೋಡಿ, ಅಲ್ಲಿ ಆಕೆಯ ಮನೆ ಕಟ್ಟಿಸಿದೆ. ನನಗೆ ಬರುತ್ತಿದ್ದ ಮಿಕ್ಕ ಕೆಲಸಗಳು ನಿಂತವು. ಏಜೆಂಟರಿಗೆ ತಲೆ ಕೆಟ್ಟಿದೆ ಎಂದು ಮಾಲೀಕರು ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲ ಕಡೆ ಹಬ್ಬಿಸಿದರು. ಮೂವತ್ತು ವರ್ಷ ಈ ವ್ಯವಹಾರದಲ್ಲಿದ್ದ ಮನುಷ್ಯನಿಗೆ ಒಂದು ಪ್ಲಾಟು ತೋರಿಸುವ ಕೆಲಸವೂ ಸಿಗಲಿಲ್ಲ. ನಾನೂ ಏಜೆಂಟರೂ ಸಹಿ ಹಾಕಿ ತಾಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ಯಾರೋ ಬಂದು ನೋಡಿ, ಚಹಾ ಕುಡಿದು ಹೋದರು. ಸ್ಥಳದಲ್ಲಿ ಯಾವುದೇ ಬಾವಿ ಕಂಡುಬಂದಿಲ್ಲ ಎಂದು ಉತ್ತರ ಬಂತು. ಮುಚ್ಚಿದ ಬಾವಿ ಕಾಣುವುದು ಹೇಗೆ ಎಂದು ಕೇಳಲು ಹೋದ ನನ್ನನ್ನು ಹೊರಗೆ ಕೂರಿಸಿದರು.

ಅದಾದ ಮೇಲೆ ಮೂಲೆ ಪ್ಲಾಟಿನಲ್ಲಿ ಮಕ್ಕಳ ಪಾರ್ಕು ಬಂತು. ಒಂದು ಜೋಕಾಲಿ, ಒಂದು ಜಾರುಬಂಡೆ, ಒಂದು ಸಿಮೆಂಟು ಬೆಂಚು. ಪೈಪಿಗೆ ಹಸಿರು ಬಣ್ಣ ಹೊಡೆಸಿದ್ದರು, ಕೀಳಿಸಿರಲಿಲ್ಲ. ಮಾಲೀಕರಿಗೆ ಅದನ್ನು ಕೀಳಿಸುವ ಧೈರ್ಯ ಆಗಲೂ ಬಂದಿರಲಿಲ್ಲ. ಅಷ್ಟರಲ್ಲಿ ಅಲ್ಲಲ್ಲಿ ಮನೆಗಳು ಎದ್ದಿದ್ದವು. ಒಂದೊಂದು ಮನೆಗೂ ಹೋಗಿ ಹೇಳಿದೆ. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: "ದೆವ್ವ ಐತಿ ಅಂದ್ರ ಒಂದು ಪೂಜಿ ಮಾಡಿಸಿ ಕಳಿಸಬಹುದ್ರಿ. ಬಾವಿ ಐತಿ ಅಂತ ಸುದ್ದಿ ಆದ್ರ ನಮ್ಮ ಪ್ಲಾಟ್ ಯಾರ್ ಕೇಳ್ತಾರ? ಸುಮ್ಮನಿರ್ರಿ." ನಾನೂ ನರ್ಸಮ್ಮನೂ ಸೇರಿ ಪಾರ್ಕಿನ ಸುತ್ತ ಜಾಲಿಮುಳ್ಳು ಹಾಕಿಸಿದೆವು. ಬೆಳಗಾಗುವಷ್ಟರಲ್ಲಿ ಅದನ್ನು ಎಳೆದು ಆಚೆ ಬಿಸಾಡಿದ್ದರು.

ಕೆಲವು ತಿಂಗಳಾದ ಮೇಲೆ ನರ್ಸಮ್ಮನ ಮಗಳು ನನಗೆ ಗುಟ್ಟಿನಲ್ಲಿ ಒಂದು ಮಾತು ಹೇಳಿದಳು. ಸಂಜೆಯಾದರೆ ಪಾರ್ಕಿನ ಬೆಂಚಿನ ಮೇಲೆ ಬಿಳಿ ಅಂಗಿಯವ ಬಂದು ಕೂರುತ್ತಾನಂತೆ, ಮಾತಾಡುವುದಿಲ್ಲವಂತೆ, ಮಕ್ಕಳು ಹತ್ತಿರ ಹೋದರೆ ಎದ್ದು ನಿಲ್ಲುತ್ತಾನಂತೆ. ಈಗ ಯಾವ ಹುಡುಗರೂ ಅತ್ತ ಹೋಗುವುದಿಲ್ಲವಂತೆ. ಊಟ ಮಾಡದ ಮಕ್ಕಳಿಗೆ ತಾಯಂದಿರು ಅವನನ್ನು ತೋರಿಸಿ ಉಣಿಸುತ್ತಾರಂತೆ.

ಹೊತ್ತು ಮುಳುಗುವಾಗ ಹೋದೆ. ಹಗಲೆಲ್ಲ ಉರಿದ ದೀಪಗಳು ಸಂಜೆಯಾಗುತ್ತಲೇ ಕರೆಂಟು ಹೋಗಿ ಆರಿದ್ದವು. ಜೋಕಾಲಿ ಖಾಲಿಯಿತ್ತು. ಬೆಂಚಿನ ಮೇಲೆ ಬಿಳಿ ಅಂಗಿ ಮಾತ್ರ ಕಂಡಿತು, ತಲೆ ಕಾಣಲಿಲ್ಲ, ಕೈ ಕಾಣಲಿಲ್ಲ. ಹೆಸರು ಕರೆಯಲೂ ಹೆದರಿ, ಬರಿಯ "ಅಣ್ಣಾರ?" ಎಂದೆ.

"ಬಾ ತಂಗೆವ್ವ. ಕುಂದರು."

ಮಸ್ಕಿಯಿಂದ ದಿನಾ ಸಂಜೆ ಬಸ್ಸಿಗೆ ಬಂದು, ಕತ್ತಲಾಗಿ ಮಕ್ಕಳು ಮನೆ ಸೇರಿದ ಮೇಲೆ ಸಿಕ್ಕ ಬಸ್ಸಿಗೆ ಹೋಗುತ್ತಿದ್ದರಂತೆ. ನಾನು ಬೈದೆ. ಅವರು ನಕ್ಕರು. "ನಿಜ ಹೇಳಿದ್ರ ಯಾರೂ ಕೇಳಲಿಲ್ಲ. ದೆವ್ವ ಅಂದ್ರ ಕೇಳ್ತಾರ. ಅದಕ್ಕ ನಾನ ದೆವ್ವ ಆಗೀನಿ."

"ನಿಮಗ ಅಂಜಿಕಿ ಆಗಂಗಿಲ್ಲೇನ್ರಿ ಇಲ್ಲಿ?"

ಪೈಪು ಒಂದು ಸಲ ಉಸಿರುಬಿಟ್ಟಿತು. ಅವರು ಅದು ನಿಲ್ಲುವವರೆಗೆ ಕಾದರು. "ದಿನಾ ಅಂಜಿಕಿ ಆಗ್ತೈತಿ. ಅವತ್ತೂ ಅಂಜೇ ಹೇಳೀನಿ ನೋಡು. ಅಂಜಿಕಿ ಇಲ್ಲದವ ಆಗಿದ್ರ ಸಿಮೆಂಟ್ ಮೆತ್ತಿ ಮನಿಗಿ ಹೋಗಿ ಉಣ್ತಿದ್ದೆ."

ಆಮೇಲೆ ನಾನು ಎಂದೂ ಅವರ ಹೆದರಿಕೆಯನ್ನು ಆಡಿಕೊಳ್ಳಲಿಲ್ಲ. ಅವರು ಒಂದು ಇಡೀ ಬೆಳೆಯ ಕಾಲ ಹಾಗೆ ಕುಳಿತರು. ಆಮೇಲೆ ಒಂದು ದಿನ ಮನೆಯಲ್ಲೇ ಬಿದ್ದರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಹೋದವು. ಮಸ್ಕಿಗೆ ಹೋಗಿ ನೋಡಿದೆ. ಹಾಸಿಗೆಯ ಮೇಲೆ ಬಣ್ಣ ಹೋದ ಬನಿಯನ್ನಿನಲ್ಲಿ ಮಲಗಿದ್ದರು. ಬಿಳಿ ಅಂಗಿಯಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ವಾರೆಯಾದ ಬಾಯಿಂದ ತೊದಲಿ ತೊದಲಿ ಕೇಳಿದ್ದು ಒಂದೇ ಮಾತು: "ಈಗ ಅಲ್ಲಿ ಯಾರು ಕುಂದರ್ತಾರ?"

ನಾನು ಅವರ ಹೊದಿಕೆ ಸರಿಮಾಡಿದೆ.

ಮತ್ತೆ ಮುಂಗಾರು ಶುರುವಾಗಿ ಕಾಲುವೆಗೆ ನೀರು ಬಿಟ್ಟರು. ಒಂದು ದಿನ ದಾರಿಯಲ್ಲಿ ನರ್ಸಮ್ಮನ ಮಗಳು ಸಿಕ್ಕಳು. ಈಗ ಎತ್ತರ ಬೆಳೆದಿದ್ದಳು. ಪಾರ್ಕಿಗೆ ಹೋಗುತ್ತೀಯೇನು ಎಂದು ಕೇಳಿದೆ. "ಇಲ್ರೀ ಆಂಟಿ. ಬಿಳಿ ಬಟ್ಟಿಯವ್ರು ದಿನಾ ಕುಂತಿರ್ತಾರಲ್ಲ" ಎಂದಳು. ಅವರು ಹಾಸಿಗೆ ಹಿಡಿದು ಎಷ್ಟೋ ವಾರಗಳಾಗಿದ್ದವು. ಮಸ್ಕಿಗೆ ಫೋನು ಮಾಡಿದೆ. ಅವರ ಹೆಂಡತಿ ಎತ್ತಿ, ಮಲಗಿದ್ದಾರೆ, ಈಗಷ್ಟೇ ಗಂಜಿ ಕುಡಿಸಿದೆ ಎಂದರು.

ಅವತ್ತೇ ಸಂಜೆ ಹೋದೆ. ಕಮಾನು ದಾಟುವಾಗಲೇ ಕಂಡಿತು. ಬೆಂಚಿನ ಮೇಲೆ ಬೆಳ್ಳಗೆ ಯಾರೋ ಅಲುಗಾಡದೆ ಕುಳಿತಿದ್ದರು. ಪೈಪಿನ ನರಳಾಟ ರಸ್ತೆಯವರೆಗೂ ಕೇಳುತ್ತಿತ್ತು. ತಿರುಗಿ ಓಡಿಹೋಗೋಣವೆನ್ನಿಸಿತು. ಕಾಲು ಕಿತ್ತಿಡುತ್ತ ಹತ್ತಿರ ಹೋದೆ. ಸೀರೆಯ ಮೇಲೆ ಆಸ್ಪತ್ರೆಯ ಬಿಳಿ ಕೋಟು ಹಾಕಿಕೊಂಡು ನರ್ಸಮ್ಮ ಕುಳಿತಿದ್ದರು.

ನಾನು ಅವರ ಪಕ್ಕದಲ್ಲಿ ಕುಸಿದೆ. ಜೀವ ಬಂದಂತಾಗಿ ನಗು ಬಂತು. ದೆವ್ವವನ್ನು ನಂಬದ ಮಂದಿ ನೀವು ಎಂದು ಚೇಷ್ಟೆ ಮಾಡಿದೆ. ಅವರೂ ನಕ್ಕರು. "ನಂಬಬೇಕಂತ ಇಲ್ಲಲ್ರಿ, ದೆವ್ವ ಆದ್ರ ಸಾಕು" ಎಂದರು. ಆಮೇಲೆ ಹೇಳಿದರು: "ಮುಂಜಾನಿ ಪಾಳಿ ಇದ್ದ ವಾರ ಸಂಜಿಗಿ ನಾ ಬರ್ತೀನ್ರಿ. ಮಧ್ಯಾಹ್ನದ ಪಾಳಿ ಇದ್ದ ವಾರ ಆಗಂಗಿಲ್ಲ. ಪುಣ್ಯಕ್ಕ ಆ ವಾರ ನೀವು ಬರ್ತೀರಲ್ಲ."

"ನಾನಾ?"

"ಮತ್ಯಾರ್ರಿ? ಆ ವಾರನೂ ಬಿಳಿ ಬಟ್ಟಿ ಹಾಕ್ಕೊಂಡು ಕುಂತಿರ್ತಾರ ಅಂತ ಹುಡುಗ್ರೆಲ್ಲ ಹೇಳ್ತಾರ. ನಾ ನೀವ ಅನ್ಕೊಂಡಿದ್ದೆ."

ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ನಾನು ಅಷ್ಟು ದಿನ ಒಂದು ಸಂಜೆಯೂ ಅಲ್ಲಿ ಬಂದು ಕುಳಿತಿರಲಿಲ್ಲ. ಎದುರಿಗೆ ಪೈಪು ಉಸಿರು ಬಿಟ್ಟಿತು, ನಿಂತಿತು. ಕೆಸರಿನ ವಾಸನೆ ಬಂದು ಹೋಯಿತು.

"ಹೌದ್ರಿ, ನಾನ" ಎಂದೆ.

ಮರುದಿನ ಟ್ರಂಕು ತೆಗೆದು ಅವ್ವನ ಹಳೆಯ ಬಿಳಿ ಸೀರೆಯೊಂದನ್ನು ಹುಡುಕಿದೆ. ನರ್ಸಮ್ಮನಿಗೆ ಮಧ್ಯಾಹ್ನದ ಪಾಳಿ ಬಂದ ವಾರ ನಾನು ಹೋಗಿ ಕೂರುತ್ತೇನೆ. ಅರ್ಜಿಗಳನ್ನು ಬರೆಯುವುದನ್ನೂ ಬಿಟ್ಟಿಲ್ಲ. ಬಾವಿ ತೆರೆದು ಸುತ್ತ ಕಟ್ಟೆ ಕಟ್ಟುವ ದಿನದವರೆಗೆ ಇಬ್ಬರೂ ಬಿಡುವುದಿಲ್ಲ. ಹೆದರಿಕೆ ದಿನಾ ಆಗುತ್ತದೆ. ನನಗಿಂತ ಮೊದಲು ಆ ವಾರಗಳಲ್ಲಿ ಕೂರುತ್ತಿದ್ದವರಿಗೆಂದು ಬೆಂಚಿನ ಒಂದು ಬದಿಯನ್ನು ಖಾಲಿ ಬಿಟ್ಟು ಕೂರುತ್ತೇನೆ.